ಕೋಳಿಮರಿ ಕಾಲೆಳೆದರೆ



ನಮ್ಮ ಕೆಸರೆಯಲ್ಲಿ ಎಷ್ಟೋ ಮನೆಗಳಲ್ಲಿ ಕೋಳಿ ಇದೆ. ಮನೆ ಚಿಕ್ಕದು. ಹಿತ್ತಲು ಇನ್ನೂ ಚಿಕ್ಕದು. ಆದರೂ ಒಂದು ಬುಟ್ಟಿ, ನಾಲ್ಕು ಕೋಳಿ ಇದ್ದೇ ಇರುತ್ತವೆ. ಮಗುವಿಗೆ ಒಂದು ಮೊಟ್ಟೆ ಸಿಗುತ್ತದೆ. ಹಬ್ಬಕ್ಕೆ ಒಂದು ಕೋಳಿ ಆಗುತ್ತದೆ. ಕೈಯಲ್ಲಿ ಕಾಸಿಲ್ಲದಾಗ ಒಂದು ಹುಂಜ ಮಾರಿದರೆ ವಾರದ ಖರ್ಚು ಕಳೆಯುತ್ತದೆ. ಆ ದುಡ್ಡು ಹೆಂಗಸಿನ ದುಡ್ಡು. ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಕೆಲವರು ಗಾಡಿಯವನ ಹತ್ತಿರ ಮರಿ ಕೊಳ್ಳುತ್ತಾರೆ. ಕೆಲವರು ಸಂಘದಲ್ಲಿ ಸಾಲ ತೆಗೆದು ಇಪ್ಪತ್ತು ಗಿರಿರಾಜ ಮರಿ ತರುತ್ತಾರೆ. ಮೊದಲ ವಾರ ಮರಿಗಳು ಚೆನ್ನಾಗಿ ಓಡಾಡುತ್ತವೆ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಒಂದು ಮರಿ ಏಳುವುದಿಲ್ಲ. ಕಾಲು ಎಳೆಯುತ್ತದೆ. ಮಾರನೆಯ ದಿನ ಇನ್ನೊಂದು.

"ದೃಷ್ಟಿ ಆಗಿದೆ ಕಣೇ" ಅಂತಾರೆ ಒಬ್ಬರು. "ಗಾಳಿ ಬಡಿದಿದೆ, ಬಿಸಾಕು" ಅಂತಾರೆ ಇನ್ನೊಬ್ಬರು. "ಎಲ್ಲಾ ಸಾಯ್ತವೆ, ಈಗಲೇ ಮಾರಿಬಿಡು" ಅಂತಾರೆ ಮತ್ತೊಬ್ಬರು.

ನಾವು ಹೇಳುವುದು ಬೇರೆ. ಬಿಸಾಡಬೇಡಿ. ಮಾರಲೂ ಬೇಡಿ. ಮೊದಲು ಮರಿಯನ್ನು ಕೈಗೆ ತೆಗೆದುಕೊಳ್ಳಿ. ಚೆನ್ನಾಗಿ ನೋಡಿ.

ಕಾಲಿನ ಬಲ ಹೋಗಲು ಕಾರಣ ಒಂದೇ ಅಲ್ಲ. ಕೆಲವು ಕಾರಣ ಮನೆಯಲ್ಲೇ ಸರಿಹೋಗುತ್ತವೆ. ಕೆಲವಕ್ಕೆ ಡಾಕ್ಟರು ಬೇಕು. ಕೆಲವಕ್ಕೆ ಮದ್ದೇ ಇಲ್ಲ. ಯಾವುದು ಯಾವುದು ಅಂತ ತಿಳಿದರೆ ಒಂದು ಮರಿಯೂ ಉಳಿಯುತ್ತದೆ, ಉಳಿದ ಹತ್ತೊಂಬತ್ತೂ ಉಳಿಯುತ್ತವೆ.

ಮೊದಲು ಮಾಡುವ ಕೆಲಸ

ಕಾಲು ಬಿದ್ದ ಮರಿಯನ್ನು ಬೇರೆ ಮಾಡಿ. ಒಂದು ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಅದರಲ್ಲಿ ಇಡಿ. ಯಾಕೆ? ಎರಡು ಕಾರಣ. ಒಂದು, ಅಂಟುರೋಗ ಆಗಿದ್ದರೆ ಉಳಿದವಕ್ಕೆ ಹರಡಬಾರದು. ಎರಡು, ಬಲವಾದ ಮರಿಗಳು ಬಿದ್ದ ಮರಿಯನ್ನು ತುಳಿಯುತ್ತವೆ, ಕುಕ್ಕುತ್ತವೆ.

ಆ ಮರಿಯ ಕೊಕ್ಕಿಗೆ ಎಟುಕುವ ಹಾಗೆ ನೀರು, ಮೇವು ಇಡಿ. ಎಷ್ಟೋ ಮರಿ ರೋಗದಿಂದ ಸಾಯುವುದಿಲ್ಲ. ನೀರಿನ ತನಕ ನಡೆಯಲಾಗದೆ ಸಾಯುತ್ತವೆ. ಕೊಕ್ಕಿನ ತುದಿಯನ್ನು ನೀರಿಗೆ ಅದ್ದಿ ತೋರಿಸಿ. ಅದೇ ಕುಡಿಯುತ್ತದೆ. ಬಾಯಿಗೆ ಸುರಿಯಬೇಡಿ. ನೀರು ಉಸಿರಿನ ಕೊಳವೆಗೆ ಹೋದರೆ ಮರಿ ಉಳಿಯುವುದಿಲ್ಲ.

ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಅದೇ ಕೈಯಲ್ಲಿ ಕಣ್ಣು ಉಜ್ಜಬೇಡಿ.

ಆಮೇಲೆ ಈ ಆರು ಪ್ರಶ್ನೆ ಕೇಳಿಕೊಳ್ಳಿ.

1. ಮರಿಗೆ ಎಷ್ಟು ದಿನ ಆಯಿತು?
2. ಒಂದೇ ಮರಿಗೆ ಹೀಗೆ ಆಗಿದೆಯೇ, ಹಲವಕ್ಕೆ ಆಗಿದೆಯೇ?
3. ಕಾಲು ಯಾವ ರೀತಿ ಇದೆ?
4. ಏನು ಮೇವು ಹಾಕುತ್ತಿದ್ದೀರಿ?
5. ಕೆಳಗೆ ಏನು ಹಾಸಿದ್ದೀರಿ?
6. ಹಿಕ್ಕೆ ಯಾವ ಬಣ್ಣ ಇದೆ? ಉಸಿರು ಸರಿಯಾಗಿದೆಯೇ?

ಈ ಆರು ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ.

ಕಾಲು ಎರಡೂ ಕಡೆ ಜಾರಿದೆ

ಮರಿ ಹುಟ್ಟಿ ಎರಡು ಮೂರು ದಿನ ಆಗಿದೆ. ಒಂದು ಕಾಲು ಎಡಕ್ಕೆ, ಒಂದು ಕಾಲು ಬಲಕ್ಕೆ ಜಾರಿದೆ. ಹೊಟ್ಟೆ ನೆಲಕ್ಕೆ ತಾಗಿದೆ. ಆದರೆ ಕಣ್ಣು ಚುರುಕಾಗಿದೆ, ತಿನ್ನುತ್ತದೆ.

ಇದು ಹೆಚ್ಚಾಗಿ ನೆಲದ ತಪ್ಪು. ನುಣುಪು ನೆಲ, ಪೇಪರು, ಪ್ಲಾಸ್ಟಿಕ್ ಹಾಳೆ ಹಾಸಿದರೆ ಮರಿಯ ಕಾಲಿಗೆ ಹಿಡಿತ ಸಿಗುವುದಿಲ್ಲ. ಎಳೆಯ ಕಾಲು ಜಾರಿ ಜಾರಿ ಹಾಗೇ ನಿಂತುಬಿಡುತ್ತದೆ.

ಇದಕ್ಕೆ ಮನೆಯಲ್ಲೇ ಮದ್ದಿದೆ. ಮೆತ್ತನೆಯ ಬಟ್ಟೆ ಪಟ್ಟಿ ಅಥವಾ ಉಲ್ಲನ್ ದಾರ ತೆಗೆದುಕೊಳ್ಳಿ. ಎರಡು ಕಾಲನ್ನೂ ಕೆಳಭಾಗದಲ್ಲಿ ಸಡಿಲವಾಗಿ ಕಟ್ಟಿ. ಎರಡು ಕಾಲಿನ ನಡುವೆ ಸುಮಾರು ಎರಡು ಬೆರಳು ಜಾಗ ಇರಲಿ. ಚೆನ್ನಾಗಿರುವ ಮರಿ ನಿಂತಾಗ ಕಾಲು ಎಷ್ಟು ದೂರ ಇರುತ್ತದೋ ಅಷ್ಟೇ ದೂರ. ಬಿಗಿಯಾಗಿ ಕಟ್ಟಬೇಡಿ. ಬಿಗಿಯಾದರೆ ರಕ್ತ ಹರಿಯುವುದಿಲ್ಲ, ಪಾದ ಊದುತ್ತದೆ. ದಿನಕ್ಕೆ ಎರಡು ಸಲ ಬಿಚ್ಚಿ ನೋಡಿ.

ಕೆಳಗೆ ದಪ್ಪ ಬಟ್ಟೆ ಹಾಸಿ. ಮೊದಲು ಮರಿ ಬೀಳುತ್ತದೆ. ನೋಡಿದರೆ ಪಾಪ ಅನ್ನಿಸುತ್ತದೆ. ಆದರೆ ಸ್ವಲ್ಪ ಹೊತ್ತಿಗೆ ನಿಲ್ಲಲು ಕಲಿಯುತ್ತದೆ. ಮೂರರಿಂದ ಐದು ದಿನಕ್ಕೆ ಕಾಲು ಸರಿಹೋಗುತ್ತದೆ. ಮೊದಲ ವಾರದಲ್ಲೇ ಕಟ್ಟಬೇಕು. ಮೂಳೆ ಗಟ್ಟಿಯಾದ ಮೇಲೆ ಕಟ್ಟಿದರೆ ಪ್ರಯೋಜನ ಕಡಿಮೆ.

ಬೆರಳು ಮುಷ್ಟಿ ಹಿಡಿದಿದೆ

ಮರಿಗೆ ಎರಡು ಮೂರು ವಾರ ಆಗಿದೆ. ಕಾಲಿನ ಬೆರಳುಗಳು ಒಳಕ್ಕೆ ಮಡಚಿವೆ. ನಾವು ಮುಷ್ಟಿ ಹಿಡಿದ ಹಾಗೆ ಕಾಣುತ್ತದೆ. ಮರಿ ಪಾದ ಊರುವುದಿಲ್ಲ. ಹಿಂದಿನ ಕೀಲಿನ ಮೇಲೆ ಕುಳಿತು ಜರುಗುತ್ತದೆ. ಹಸಿವು ಚೆನ್ನಾಗಿಯೇ ಇದೆ.

ಇದು ಬಿ2 ಎಂಬ ಜೀವಸತ್ವದ ಕೊರತೆ. ಜೀವಸತ್ವಕ್ಕೆ ವಿಟಮಿನ್ ಅಂತಲೂ ಹೇಳುತ್ತಾರೆ. ಅದು ಮೇವಿನಲ್ಲಿ ಬಹಳ ಸ್ವಲ್ಪ ಇರುತ್ತದೆ. ಆದರೆ ಅದಿಲ್ಲದಿದ್ದರೆ ಕಾಲಿನ ನರ ಕೆಲಸ ಮಾಡುವುದಿಲ್ಲ.

ಪಶು ಔಷಧಿ ಅಂಗಡಿಯಲ್ಲಿ ಕೋಳಿಗೆ ಕೊಡುವ ಬಿ ಕಾಂಪ್ಲೆಕ್ಸ್ ಔಷಧಿ ಸಿಗುತ್ತದೆ. ಸೀಸೆಯ ಮೇಲೆ ಬರೆದಷ್ಟು ನೀರಿಗೆ ಬೆರೆಸಿ ಕೊಡಿ. ಜೊತೆಗೆ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಸ್ವಲ್ಪ ಕೊಡಿ. ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ. ಬೇಗ ಶುರು ಮಾಡಿದರೆ ಕೆಲವೇ ದಿನದಲ್ಲಿ ಬೆರಳು ಬಿಚ್ಚಿಕೊಳ್ಳುತ್ತವೆ. ಬಹಳ ದಿನ ಬಿಟ್ಟರೆ ನರ ಹಾಳಾಗುತ್ತದೆ. ಆಮೇಲೆ ಏನು ಕೊಟ್ಟರೂ ಸರಿಹೋಗದು.

ಒಂದು ಮರಿಗೆ ಬೆರಳು ಮಡಚಿದ್ದರೆ ಉಳಿದವಕ್ಕೂ ಕೊರತೆ ಇರುತ್ತದೆ. ಎಲ್ಲರೂ ಒಂದೇ ತಟ್ಟೆಯಲ್ಲಿ ತಿನ್ನುವುದಲ್ಲವೇ? ಅದಕ್ಕೆ ಔಷಧಿಯ ನೀರು ಎಲ್ಲಾ ಮರಿಗಳಿಗೂ ಕೊಡಿ. ಔಷಧಿ ಸೀಸೆಯನ್ನು ಬಿಸಿಲಿಗೆ ಇಡಬೇಡಿ. ಬೆಳಕು ಬಿದ್ದರೆ ಬಿ2 ಸತ್ವ ಕೆಡುತ್ತದೆ.

ಕಾಲು ಬಿದ್ದಿದೆ, ಕತ್ತು ಹಿಂದಕ್ಕೆ ವಾಲಿದೆ

ಮರಿ ಕಾಲು ಮಡಚಿ ಕುಳಿತಿದೆ. ತಲೆ ಹಿಂದಕ್ಕೆ ಹೋಗಿದೆ. ಆಕಾಶ ನೋಡಿದ ಹಾಗೆ ಕಾಣುತ್ತದೆ. ಇದು ಬಿ1 ಸತ್ವದ ಕೊರತೆ ಇರಬಹುದು.

ಇದು ಯಾಕೆ ಬರುತ್ತದೆ? ಬರೀ ಬಿಳಿ ಅಕ್ಕಿ ನುಚ್ಚು, ಬರೀ ಅನ್ನ ಹಾಕಿದರೆ ಬರುತ್ತದೆ. ಅಕ್ಕಿಯ ಮೇಲಿನ ತೌಡಿನಲ್ಲಿ ಬಿ1 ಇರುತ್ತದೆ. ಮಿಲ್ಲಿನಲ್ಲಿ ಪಾಲಿಶ್ ಮಾಡಿದರೆ ತೌಡು ಹೋಗುತ್ತದೆ. ಸತ್ವವೂ ಹೋಗುತ್ತದೆ.

ಈ ಮಾತು ಜಗತ್ತಿಗೆ ಗೊತ್ತಾದದ್ದು ಹೇಗೆ ಗೊತ್ತೇ? ಕೋಳಿಗಳಿಂದಲೇ. ಆ ಕಥೆ ಕೇಳಿ.

ಜಾವಾ ಎಂಬ ದ್ವೀಪ ಇದೆ. ಅಲ್ಲಿ ಬಟಾವಿಯ ಎಂಬ ಊರು. ಈಗ ಅದರ ಹೆಸರು ಜಕಾರ್ತಾ. ಅಲ್ಲಿ ಜನಕ್ಕೆ ಬೆರಿಬೆರಿ ಎಂಬ ಕಾಯಿಲೆ ಬರುತ್ತಿತ್ತು. ಕಾಲು ಬಲ ಕಳೆದುಕೊಂಡು ಸಾಯುತ್ತಿದ್ದರು. ಐಕ್‌ಮನ್ ಎಂಬ ಡಾಕ್ಟರು ಅದರ ಕಾರಣ ಹುಡುಕುತ್ತಿದ್ದರು. ಇದು ಯಾವುದೋ ಕ್ರಿಮಿಯ ಕೆಲಸ ಅಂತ ಅವರು ತಿಳಿದಿದ್ದರು.

1889ರಲ್ಲಿ ಅವರು ಸಾಕಿದ್ದ ಕೋಳಿಗಳಿಗೂ ಕಾಲು ಬಿತ್ತು. ಕೆಲವು ತಿಂಗಳ ಮೇಲೆ ಇದ್ದಕ್ಕಿದ್ದಂತೆ ಕೋಳಿಗಳು ಎದ್ದು ಓಡಾಡಿದವು! ಏನಾಯಿತು? ವಿಚಾರಿಸಿದರು. ಕೋಳಿಗಳಿಗೆ ಆಸ್ಪತ್ರೆ ಅಡುಗೆಮನೆಯ ಬಿಳಿ ಅನ್ನ ಹಾಕುತ್ತಿದ್ದರಂತೆ. ಆಮೇಲೆ ಹೊಸ ಅಡುಗೆಯವನು ಬಂದ. ಸೈನಿಕರ ಅನ್ನವನ್ನು ಕೋಳಿಗೆ ಕೊಡುವುದಿಲ್ಲ ಅಂದ. ಆಗ ಪಾಲಿಶ್ ಮಾಡದ ಅಕ್ಕಿ ಹಾಕಿದರು. ಕೋಳಿಗಳಿಗೆ ಕಾಲು ಬಂತು!

ಆಮೇಲೆ ಇನ್ನೊಬ್ಬ ಡಾಕ್ಟರು ಜಾವಾದ ಜೈಲುಗಳನ್ನು ಸುತ್ತಿ ನೋಡಿದರು. ಬಿಳಿ ಅಕ್ಕಿ ತಿನ್ನುವ ಕೈದಿಗಳಿಗೆ ಬೆರಿಬೆರಿ ಹೆಚ್ಚು. ತೌಡಿರುವ ಅಕ್ಕಿ ತಿನ್ನುವವರಿಗೆ ಬಹಳ ಕಡಿಮೆ. ಹೀಗೆ ಬಿ1 ಸತ್ವದ ದಾರಿ ಸಿಕ್ಕಿತು. ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ಕೋಳಿಯ ಕಾಲನ್ನು ಗಮನವಿಟ್ಟು ನೋಡಿದ್ದರಿಂದ ಎಷ್ಟೋ ಮನುಷ್ಯರ ಜೀವ ಉಳಿಯಿತು.

ಈಗ ನಮ್ಮ ಮನೆಗೆ ಬರೋಣ. ಬಿಳಿ ನುಚ್ಚಿನ ಜೊತೆ ತಾಜಾ ಅಕ್ಕಿ ತೌಡು ಬೆರೆಸಿ. ರಾಗಿ ನುಚ್ಚು ಬೆರೆಸಿ. ಬಿ ಕಾಂಪ್ಲೆಕ್ಸ್ ಔಷಧಿ ಕೊಡಿ. ಇದು ಬಿ1 ಕೊರತೆಯೇ ಆಗಿದ್ದರೆ ಒಂದೆರಡು ದಿನದಲ್ಲೇ ಮರಿ ಚೇತರಿಸಿಕೊಳ್ಳುತ್ತದೆ. ಚೇತರಿಸದಿದ್ದರೆ ಬೇರೆ ರೋಗ ಅಂತ ತಿಳಿಯಿರಿ. ಡಾಕ್ಟರಿಗೆ ತೋರಿಸಿ.

ಕೊಕ್ಕು ರಬ್ಬರಿನ ಹಾಗೆ ಬಾಗುತ್ತದೆ

ಮರಿ ಕುಂಟುತ್ತದೆ. ನಡೆದರೆ ನೋವು. ಕೀಲು ದಪ್ಪ ಆಗಿದೆ. ಕೊಕ್ಕನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಇದ್ದರೆ ಸರಿ. ರಬ್ಬರಿನ ಹಾಗೆ ಬಾಗಿದರೆ ಮೂಳೆ ಮೆತ್ತಗಾಗಿದೆ ಅಂತ ಅರ್ಥ. ಮಕ್ಕಳಿಗೆ ಕಾಲು ಸೊಟ್ಟಗಾಗುತ್ತದಲ್ಲ, ಇದೂ ಅದೇ ಜಾತಿಯ ಕಾಯಿಲೆ.

ಮೂಳೆಗೆ ಸುಣ್ಣದ ಅಂಶ ಬೇಕು, ರಂಜಕ ಬೇಕು. ಅವು ಮೈಗೆ ಹತ್ತಲು ಡಿ ಜೀವಸತ್ವ ಬೇಕು. ಬಿಸಿಲು ಮೈಗೆ ಬಿದ್ದರೆ ಡಿ ಸತ್ವ ಮೈಯಲ್ಲೇ ತಯಾರಾಗುತ್ತದೆ. ನಮ್ಮಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಬೆಕ್ಕು ನಾಯಿಯ ಭಯ ಬೇರೆ. ಅದಕ್ಕೆ ಮರಿಗಳನ್ನು ದಿನವಿಡೀ ಮಂಚದ ಕೆಳಗೆ, ಮುಚ್ಚಿದ ಡಬ್ಬಿಯಲ್ಲಿ ಇಡುತ್ತೇವೆ. ಬಿಸಿಲೇ ಕಾಣದ ಮರಿಯ ಮೂಳೆ ಗಟ್ಟಿಯಾಗುವುದು ಹೇಗೆ?

ಬೆಳಿಗ್ಗೆ ಸ್ವಲ್ಪ ಹೊತ್ತು ಮರಿಗಳನ್ನು ಬುಟ್ಟಿ ಕವಿಚಿ ಬಿಸಿಲಿನಲ್ಲಿ ಬಿಡಿ. ಗಾಜಿನ ಕಿಟಕಿಯ ಒಳಗೆ ಬೀಳುವ ಬಿಸಿಲು ಸಾಲದು. ಬುಟ್ಟಿಯ ಅರ್ಧ ಭಾಗ ನೆರಳಿರಲಿ. ಸೆಕೆ ಆದರೆ ಮರಿ ನೆರಳಿಗೆ ಸರಿಯಬೇಕು.

ಮೇವಿಗೆ ರಾಗಿ ಸೇರಿಸಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ಮೊಟ್ಟೆ ಚಿಪ್ಪನ್ನು ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿ ಮೇವಿನ ಮೇಲೆ ಒಂದು ಚಿಟಿಕೆ ಉದುರಿಸಿ. ಹೆಚ್ಚು ಬೇಡ. ಮೊಟ್ಟೆ ಇಡುವ ಕೋಳಿಗೆ ಅಂತ ಮಾರುವ ಮೇವನ್ನು ಮರಿಗೆ ಹಾಕಬೇಡಿ. ಅದರಲ್ಲಿ ಸುಣ್ಣದ ಅಂಶ ಬಹಳ. ಮರಿಯ ಮೂತ್ರಪಿಂಡ ಹಾಳಾಗುತ್ತದೆ. ಚೀಲದ ಮೇಲೆ ಏನು ಬರೆದಿದೆ ಅಂತ ಓದಿಯೇ ಕೊಳ್ಳಿ.

ಹಿಂದಿನ ಕೀಲು ಊದಿ, ಕಾಲು ಪಕ್ಕಕ್ಕೆ ತಿರುಗಿದೆ

ಕಾಲಿನ ಹಿಂದೆ ಒಂದು ನಾರು ಇರುತ್ತದೆ. ಕೀಲಿನ ಗಾಡಿಯಲ್ಲಿ ಅದು ಕೂತಿರುತ್ತದೆ. ಅದು ಪಕ್ಕಕ್ಕೆ ಜಾರಿದರೆ ಕಾಲು ತಿರುಚಿಕೊಳ್ಳುತ್ತದೆ. ಮ್ಯಾಂಗನೀಸ್ ಎಂಬ ಖನಿಜ, ಕೋಲಿನ್ ಎಂಬ ಸತ್ವ ಕಡಿಮೆ ಆದರೆ ಹೀಗೆ ಆಗುತ್ತದೆ. ಬರೀ ಮೆಕ್ಕೆಜೋಳದ ನುಚ್ಚು ಹಾಕಿದರೂ ಆಗಬಹುದು.

ನಾರು ಪೂರ್ತಿ ಜಾರಿದ ಮರಿ ಸರಿಹೋಗುವುದು ಕಷ್ಟ. ಆದರೆ ಉಳಿದವನ್ನು ಕಾಪಾಡಬಹುದು. ಅಕ್ಕಿ ತೌಡು, ಗೋಧಿ ಬೂಸಾ ಬೆರೆಸಿ. ಎಲ್ಲಕ್ಕಿಂತ ಒಳ್ಳೆಯದು ಮರಿಗಳ ಮೇವು. ಅಂಗಡಿಯಲ್ಲಿ ಚಿಕ್ ಸ್ಟಾರ್ಟರ್ ಅಂತ ಕೇಳಿ. ಮೊದಲ ಕೆಲವು ವಾರ ಅದನ್ನೇ ಹಾಕಿದರೆ ಇಷ್ಟು ಹೊತ್ತು ಹೇಳಿದ ಕೊರತೆಗಳು ಬರುವುದು ಅಪರೂಪ. ಮುಗ್ಗಲು ವಾಸನೆ ಬಂದ ಮೇವು ಮಾತ್ರ ಅಗ್ಗವಾಗಿ ಸಿಕ್ಕರೂ ಬೇಡ. ಬೂಷ್ಟು ಮರಿಗೆ ವಿಷ.

ಇವು ಅಂಟುರೋಗ, ಹುಷಾರು

ಈವರೆಗೆ ಹೇಳಿದ್ದು ನೆಲದ ದೋಷ, ಮೇವಿನ ದೋಷ. ಇವು ಒಂದರಿಂದ ಒಂದಕ್ಕೆ ಅಂಟುವುದಿಲ್ಲ. ಈಗ ಹೇಳುವುದು ಅಂಟುತ್ತವೆ.

ಕೊಕ್ಕರೆ ರೋಗ: ಇದಕ್ಕೆ ರಾಣಿಖೇತ್ ರೋಗ ಅಂತಲೂ ಹೆಸರು. ರಾಣಿಖೇತ್ ಉತ್ತರಾಖಂಡದ ಒಂದು ಊರು. ಈ ರೋಗದಲ್ಲಿ ಕಾಲು, ರೆಕ್ಕೆ ಬೀಳುತ್ತದೆ. ಕತ್ತು ತಿರುಚುತ್ತದೆ. ಬಾಯಿ ತೆರೆದು ಉಸಿರು ಎಳೆಯುತ್ತದೆ. ಹಿಕ್ಕೆ ಹಸಿರು, ನೀರು ನೀರು. ಒಂದೆರಡು ದಿನದಲ್ಲಿ ಹಲವು ಸಾಯುತ್ತವೆ. ಇದಕ್ಕೆ ಮದ್ದಿಲ್ಲ. ಲಸಿಕೆ ಇದೆ.

ಮಾರೆಕ್ಸ್ ರೋಗ: ಸ್ವಲ್ಪ ಬೆಳೆದ ಮರಿಗೆ, ಹೆಚ್ಚಾಗಿ ಎರಡು ತಿಂಗಳಾದ ಮೇಲೆ ಬರುತ್ತದೆ. ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿ ಮಲಗುತ್ತದೆ. ಪುಕ್ಕದ ಧೂಳಿನಿಂದ ಹರಡುತ್ತದೆ. ಇದಕ್ಕೂ ಮದ್ದಿಲ್ಲ. ಮರಿ ಹುಟ್ಟಿದ ದಿನವೇ ಲಸಿಕೆ ಹಾಕಬೇಕು. ಮರಿ ಕೊಳ್ಳುವಾಗ "ಮಾರೆಕ್ಸ್ ಲಸಿಕೆ ಹಾಕಿದೆಯಾ?" ಅಂತ ಕೇಳಿ.

ರಕ್ತಭೇದಿ: ಮರಿ ತೂಕಡಿಸುತ್ತದೆ. ರೆಕ್ಕೆ ಇಳಿಬಿಟ್ಟು ನಿಲ್ಲುತ್ತದೆ. ಹಿಕ್ಕೆಯಲ್ಲಿ ರಕ್ತ ಕಾಣುತ್ತದೆ. ಸುಸ್ತಿಗೆ ಕಾಲು ಸೋಲುತ್ತದೆ. ಒದ್ದೆ ಹಾಸಿಗೆಯಲ್ಲಿ ಇದು ಹೆಚ್ಚು. ಮಳೆಗಾಲದಲ್ಲಿ ಜಾಸ್ತಿ ನೋಡಬೇಕು. ಇದಕ್ಕೆ ಔಷಧಿ ಇದೆ. ಆದರೆ ಡಾಕ್ಟರು ಹೇಳಿದ ಅಳತೆ ಮೀರಬಾರದು. ಆಂಪ್ರೋಲಿಯಂ ಎಂಬ ಔಷಧಿ ಅತಿಯಾದರೆ ಬಿ1 ಸತ್ವ ಕೆಲಸ ಮಾಡದ ಹಾಗೆ ಆಗಿ, ಮತ್ತೆ ಕಾಲೇ ಬೀಳುತ್ತದೆ.

ಹಕ್ಕಿಜ್ವರ: ಇದ್ದಕ್ಕಿದ್ದಂತೆ ಕೋಳಿಗಳು ಸಾಲಾಗಿ ಸತ್ತರೆ, ಕಾಗೆ, ಕೊಕ್ಕರೆ ಕೂಡ ಸತ್ತು ಬಿದ್ದರೆ ತಡ ಮಾಡಬೇಡಿ. ಪಶು ಆಸ್ಪತ್ರೆಗೆ ತಿಳಿಸಿ. ಇದು ದೂರದ ಮಾತಲ್ಲ. 2020ರ ಮಾರ್ಚ್ ತಿಂಗಳಲ್ಲಿ ನಮ್ಮ ಮೈಸೂರಿನ ಕುಂಬಾರಕೊಪ್ಪಲಿನಲ್ಲೇ ಹಕ್ಕಿಜ್ವರ ಪತ್ತೆಯಾಯಿತು. ಸುತ್ತಮುತ್ತಲಿನ ಮನೆಗಳ ಕೋಳಿಗಳನ್ನೆಲ್ಲ ಕೊಂದು ಹೂಳಬೇಕಾಯಿತು. ಈ ರೋಗ ಮನುಷ್ಯರಿಗೂ ಬರಬಹುದು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳನ್ನು ದೂರ ಇಡಿ. ಕಾಯಿಲೆ ಬಿದ್ದ ಕೋಳಿಯನ್ನು ಕೊಯ್ದು ತಿನ್ನಬೇಡಿ.

ಸತ್ತ ಮರಿಯನ್ನು ಮೋರಿಗೆ ಎಸೆಯಬೇಡಿ. ಖಾಲಿ ಸೈಟಿಗೂ ಎಸೆಯಬೇಡಿ. ನಾಯಿ, ಕಾಗೆ ಕಚ್ಚಿಕೊಂಡು ಹೋಗಿ ಇನ್ನೊಬ್ಬರ ಅಂಗಳದಲ್ಲಿ ಬಿಡುತ್ತವೆ. ರೋಗ ಬೀದಿಗೇ ಹರಡುತ್ತದೆ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ಹಕ್ಕಿಜ್ವರದ ಅನುಮಾನ ಇದ್ದರೆ ಮಾತ್ರ ನೀವೇ ಹೂಳಬೇಡಿ. ಪಶು ಆಸ್ಪತ್ರೆಯವರು ಬರುವ ತನಕ ಕಾಯಿರಿ.

ಲಸಿಕೆಗೆ ಹತ್ತು ಮನೆ ಸೇರಬೇಕು

ಕೊಕ್ಕರೆ ರೋಗದ ಮೊದಲ ಲಸಿಕೆಯನ್ನು ಮರಿಗೆ ಒಂದು ವಾರ ಆಗುವ ಹೊತ್ತಿಗೆ ಹಾಕಿಸಬೇಕು. ಕಣ್ಣಿಗೆ ಅಥವಾ ಮೂಗಿಗೆ ಒಂದು ತೊಟ್ಟು. ಆಮೇಲೆ ಯಾವಾಗ ಹಾಕಿಸಬೇಕು ಅಂತ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಇಲ್ಲಿ ಒಂದು ತೊಡಕಿದೆ. ಒಂದು ಲಸಿಕೆ ಸೀಸೆ ನೂರು ಮರಿಗೋ ಅದಕ್ಕೂ ಹೆಚ್ಚಿಗೋ ಆಗುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಿಮ್ಮ ಮನೆಯಲ್ಲಿ ಇರುವುದು ಹತ್ತು ಮರಿ. ಹತ್ತಕ್ಕಾಗಿ ಒಂದು ಸೀಸೆ ಒಡೆಯುವುದು ಹೇಗೆ?

ಅದಕ್ಕೆ ಒಂದೇ ದಾರಿ. ಹತ್ತು ಮನೆ ಸೇರಿ. ಒಂದೇ ಸಮಯಕ್ಕೆ ಮರಿ ತನ್ನಿ. ಒಂದೇ ದಿನ ಲಸಿಕೆ ಹಾಕಿಸಿ. ಖರ್ಚು ಹಂಚಿಕೊಳ್ಳಿ. ಲಸಿಕೆಯನ್ನು ಐಸು ತುಂಬಿದ ಫ್ಲಾಸ್ಕಿನಲ್ಲೇ ತರಬೇಕು. ಬಿಸಿ ತಾಗಿದರೆ ಅದು ಬರೀ ನೀರು. ನಿಮ್ಮ ಕೋಳಿಗೆ ಲಸಿಕೆ ಇದ್ದು ಪಕ್ಕದ ಮನೆಯದಕ್ಕೆ ಇಲ್ಲದಿದ್ದರೆ ರೋಗ ಬೀದಿಯಲ್ಲೇ ಉಳಿಯುತ್ತದೆ. ಕೋಳಿಗೆ ಗೋಡೆ ಲೆಕ್ಕ ಇಲ್ಲ ನೋಡಿ.

ಬಣ್ಣದ ಮರಿ, ಬೆಚ್ಚನೆಯ ಜಾಗ

ಬೀದಿಯಲ್ಲಿ ಕೆಂಪು, ಹಸಿರು, ನೀಲಿ ಬಣ್ಣದ ಮರಿ ಮಾರುತ್ತಾರೆ. ಮಕ್ಕಳು ಹಠ ಮಾಡುತ್ತವೆ. ಇವು ಹೆಚ್ಚಾಗಿ ಮೊಟ್ಟೆ ಕೋಳಿ ಫಾರಂನವರು ಬೇಡವೆಂದು ಬಿಟ್ಟ ಗಂಡು ಮರಿಗಳು. ಬಣ್ಣದಲ್ಲಿ ಅದ್ದಿ, ಬಿಸಿಲು ಚಳಿ ನೋಡದೆ ತಿರುಗಿಸಿರುತ್ತಾರೆ. ಲಸಿಕೆ ಹಾಕಿದ್ದಾರೋ ಇಲ್ಲವೋ ಹೇಳುವವರಿಲ್ಲ. ಇವು ಮೊಟ್ಟೆಯನ್ನೂ ಇಡುವುದಿಲ್ಲ. ನಿಮ್ಮ ಒಳ್ಳೆಯ ಮರಿಗಳ ಜೊತೆ ಇವನ್ನು ಬಿಡಬೇಡಿ.

ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಬಹುದು. ಚಳಿ ಹಿಡಿದ ಮರಿಗೂ ಕಾಲು ಸೋಲುತ್ತದೆ. ಹಿಂದೆ ಒಂದು ಹಳದಿ ಬಲ್ಬು ಹಾಕಿದರೆ ಸಾಕಿತ್ತು. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಮರಿಗೆ ಬೇಕಾದ ಶಾಖ ಕೊಡುವುದಿಲ್ಲ. "ಲೈಟ್ ಹಾಕಿದ್ದೆ, ಆದ್ರೂ ಸತ್ತೋಯ್ತು" ಅನ್ನುವವರು ಇದನ್ನು ಗಮನಿಸಬೇಕು. ಹಳೆಯ ಬಗೆಯ ಬಲ್ಬು ಸಿಗದಿದ್ದರೆ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬಿಯ ಒಂದು ಮೂಲೆಯಲ್ಲಿಡಿ. ಆರಿದ ಮೇಲೆ ಬದಲಿಸಿ.

ಶಾಖ ಸರಿ ಇದೆಯೇ ಅಂತ ಮರಿಗಳೇ ಹೇಳುತ್ತವೆ. ಒಂದರ ಮೇಲೊಂದು ಬಿದ್ದರೆ ಚಳಿ. ಮೂಲೆಗೆ ಹೋಗಿ ಬಾಯಿ ತೆರೆದರೆ ಸೆಕೆ. ಹರಡಿಕೊಂಡು ತಿನ್ನುತ್ತಿದ್ದರೆ ಸರಿ.

ಡಾಕ್ಟರ ಹತ್ತಿರ ಹೋಗುವಾಗ

ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ. 1962 ನಂಬರಿಗೆ ಫೋನು ಮಾಡಿಯೂ ಕೇಳಬಹುದು. ಇದು ಪಶುಗಳ ಸಹಾಯವಾಣಿ. "ಕೋಳಿಮರಿಗೆಲ್ಲಾ ಡಾಕ್ಟರೇ?" ಅಂತ ಯಾರಾದರೂ ನಕ್ಕರೆ ನಗಲಿ. ನಿಮ್ಮ ಸಾಲ, ನಿಮ್ಮ ಮರಿ.

ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಈಗ ನಿಮಗೆ ಬರೆಯಲು ಬರುತ್ತದೆ. ಹೀಗೆ ಬರೆಯಿರಿ:

ಮರಿ ತಂದ ದಿನ: ____
ಒಟ್ಟು ಮರಿ: ____
ಕಾಲು ಬಿದ್ದವು: ____
ಸತ್ತವು: ____
ಹಾಕುವ ಮೇವು: ____
ಹಾಕಿಸಿದ ಲಸಿಕೆ, ದಿನ: ____

ಔಷಧಿ ಕೊಟ್ಟಾಗ ಸೀಸೆಯ ಮೇಲೆ ಕೊನೆಯ ದಿನಾಂಕ ಓದಿ. ದಿನ ಮುಗಿದಿದ್ದರೆ ವಾಪಸು ಕೊಡಿ. ಅಳತೆ ಎಷ್ಟು ಅಂತ ಓದಿ. ಗೊತ್ತಾಗದಿದ್ದರೆ ಅಲ್ಲೇ ನಿಂತು ಕೇಳಿ. ಮನೆಗೆ ಬಂದು ಅಂದಾಜಿಗೆ ಹಾಕಬೇಡಿ.

ನೆನಪಿಡಿ

ಕಾಲು ಬಿದ್ದ ಮರಿಯನ್ನು ಮೊದಲು ಬೇರೆ ಮಾಡಿ.
ನುಣುಪು ನೆಲದ ಮೇಲೆ ಮರಿ ಬಿಡಬೇಡಿ.
ಬರೀ ಬಿಳಿ ನುಚ್ಚು ಹಾಕಬೇಡಿ. ರಾಗಿ, ತೌಡು, ಸೊಪ್ಪು ಬೆರೆಸಿ.
ಬೆಳಗಿನ ಬಿಸಿಲು ತೋರಿಸಿ. ಹಾಸಿಗೆ ಒಣಗಿರಲಿ.
ಲಸಿಕೆಯನ್ನು ಹತ್ತು ಮನೆ ಸೇರಿ ಹಾಕಿಸಿ.

ಓದಿ, ಉತ್ತರ ಹೇಳಿ

1. ಬೆರಳು ಮುಷ್ಟಿ ಹಿಡಿದರೆ ಯಾವ ಸತ್ವ ಕಡಿಮೆ?
2. ಜಾವಾದ ಕೋಳಿಗಳಿಗೆ ಕಾಲು ಬಂದದ್ದು ಹೇಗೆ?
3. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿದರೆ ಯಾವ ರೋಗ?
4. ಎಲ್‌ಇಡಿ ಬಲ್ಬು ಮರಿಗೆ ಯಾಕೆ ಸಾಲದು?
5. ನಿಮ್ಮ ಬೀದಿಯಲ್ಲಿ ಎಷ್ಟು ಮನೆಗಳಲ್ಲಿ ಕೋಳಿ ಇದೆ? ಎಣಿಸಿ ಬರೆಯಿರಿ. ಅವರಲ್ಲಿ ಯಾರು ಯಾರು ಲಸಿಕೆಗೆ ಸೇರುತ್ತಾರೆ ಅಂತ ಕೇಳಿ ಬನ್ನಿ.